ಎಲ್ಲಾ ಕಡೆ ಇರುತ್ತೆ

ನಮ್ಮೂರಿನ ಗೋಕಟ್ಟೆ ಮುಚ್ಚಿ ಆ ಜಾಗದಲ್ಲಿ ಸಮುದಾಯ ಭವನ ಕಟ್ಟಿಸಿಕೊಡಿ ಅಂತ ಪಂಚಾಯಿತಿಗೆ ಮನವಿ ಬರೆದುಕೊಟ್ಟವನು ನಾನೇ. ಬಿಇ ಓದಿದವನು, ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸ, ಕನ್ನಡದಲ್ಲಿ ಟೈಪ್ ಮಾಡೋಕೆ ಬರುತ್ತೆ. ಊರಿಗೆ ಅಷ್ಟು ಅರ್ಹತೆ ಸಾಕಾಗಿತ್ತು. "ಪಾಚಿಗಟ್ಟಿ ಯಾವುದೇ ಉಪಯೋಗಕ್ಕೆ ಬಾರದಂತಿರುವ ಸದರಿ ಕಟ್ಟೆ" ಅಂತ ಒಂದು ಸಾಲು ಹಾಕಿದ್ದೆ. ಬರೆದಾಗ ಆ 'ಸದರಿ' ಬಗ್ಗೆ ಸ್ವಲ್ಪ ಹೆಮ್ಮೆಯೂ ಆಗಿತ್ತು.

ಸಾಲಿನಲ್ಲಿ ಸುಳ್ಳೇನೂ ಇರಲಿಲ್ಲ. ಊರಲ್ಲಿ ದನಗಳೇ ಕಡಿಮೆಯಾಗಿದ್ದವು, ಇದ್ದವಕ್ಕೆ ಬೋರ್‌ವೆಲ್ ನೀರಿನ ತೊಟ್ಟಿ ಇತ್ತು. ಕಟ್ಟೆಗೆ ಇಳಿಯುವವರು ಯಾರೂ ಇರಲಿಲ್ಲ. ಅರಳಿಕಟ್ಟೆ ಮೇಲೆ ಕೂತು ಸಹಿ ಹಾಕಿಸ್ತಾ ಇದ್ದಾಗ ದೊಡ್ಡಪ್ಪ ಮಾತ್ರ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಪೂರ್ತಿ ಓದಿದರು. ಓದಿ, "ಅಲ್ಲ ಕಣಪ್ಪ, ಅದರೊಳಗೆ ಇರೋ ಜೀವಗಳಿಗೆ ಏನ್ ಹೇಳ್ತೀಯ?" ಅಂದರು.

"ಮೀನೂ ಇಲ್ಲ ಏನೂ ಇಲ್ಲ ದೊಡ್ಡಪ್ಪ, ಬರೀ ಪಾಚಿ. ಪಾಚಿ ಎಲ್ಲಾ ಕಡೆ ಇರುತ್ತೆ."

ಅವರು ಸಹಿ ಹಾಕಿದರು.

ಆವತ್ತು ಬಾಯಿಗೆ ಬಂದದ್ದನ್ನ ಆಡಿದ್ದೆ. ಅದು ವಿಜ್ಞಾನದಲ್ಲಿ ಹೆಸರಿರೋ ಒಂದು ಸಿದ್ಧಾಂತ, ಅದರ ಮೇಲೆ ತೊಂಬತ್ತು ವರ್ಷದಿಂದ ಜಗಳ ನಡೀತಿದೆ ಅಂತ ಗೊತ್ತಾಗಿದ್ದು ಕಟ್ಟೆ ಮುಚ್ಚಿ ಎರಡು ಮಳೆಗಾಲ ಕಳೆದ ಮೇಲೆ. ಪಶ್ಚಾತ್ತಾಪ ಅಂತೆಲ್ಲ ದೊಡ್ಡ ಮಾತು ಬೇಡ. ಅಪ್ಪ ಫೋನಿನಲ್ಲಿ ಒಂದು ಸಲ "ಈ ಸಲ ಕಪ್ಪೆ ಕೂಗೇ ಕೇಳಲಿಲ್ಲ ಕಣೋ" ಅಂದದ್ದು ತಲೆಯಲ್ಲಿ ಉಳಿದಿತ್ತು. ಒಂದು ರಾತ್ರಿ ಆಫೀಸಿನ ರಿಲೀಸ್ ಮುಗಿಯೋದಕ್ಕೆ ಕಾಯ್ತಾ ಸುಮ್ಮನೆ ಪಾಚಿ ಬಗ್ಗೆ ಓದೋಕೆ ಶುರು ಮಾಡಿದೆ.

ಬಾಸ್ ಬೆಕಿಂಗ್ ಅಂತ ಒಬ್ಬ ಡಚ್ ವಿಜ್ಞಾನಿ. 1934ರಲ್ಲಿ ಅವನು ಹೇಳಿದ್ದರ ತಾತ್ಪರ್ಯ ಇಷ್ಟು: ಸೂಕ್ಷ್ಮಜೀವಿಗಳು ಎಲ್ಲಾ ಕಡೆಗೂ ತಲುಪಿರುತ್ತವೆ, ಯಾವುದು ಬೆಳೆಯಬೇಕು ಅನ್ನೋದನ್ನ ಆಯಾ ಜಾಗ ಆರಿಸುತ್ತದೆ. ಆನೆ, ಹುಲಿಗಳಿಗೆ ಊರು ಕೇರಿ ಇರಬಹುದು. ಗಾಳಿಯಲ್ಲಿ, ಧೂಳಿನಲ್ಲಿ, ಕೊಕ್ಕರೆ ಕಾಲಿನ ಕೆಸರಿನಲ್ಲಿ ಪಯಣಿಸೋ ಜೀವಕ್ಕೆ ಎಲ್ಲಿಯ ಊರು? ಇದನ್ನ ನಮ್ಮ ಕಾಲದಲ್ಲಿ ಜೋರಾಗಿ ಎತ್ತಿ ಹಿಡಿದವರು ಬ್ಲಾಂಡ್ ಫಿನ್ಲೆ ಮತ್ತು ಟಾಮ್ ಫೆಂಚೆಲ್. ಇಂಗ್ಲೆಂಡಿನಲ್ಲಿ ಪ್ರೀಸ್ಟ್ ಪಾಟ್ ಅಂತ ಸುಮಾರು ಒಂದು ಹೆಕ್ಟೇರಿನ ಕೊಳ ಇದೆ. ಅದರ ಚಿಟಿಕೆ ಕೆಸರಿನಲ್ಲಿ ಫಿನ್ಲೆ ಮತ್ತು ಜೊತೆಗಾರರು ಪ್ಯಾರಾಫೈಸೋಮೊನಾಸ್ ಎಂಬ ಜೀವಿಯನ್ನ ಹುಡುಕಿದರು. ಜಗತ್ತಿನಲ್ಲಿ ಆಗ ಗೊತ್ತಿದ್ದದ್ದು ಅದರ 41 ಬಗೆ, ಆ ಚಿಟಿಕೆಯಲ್ಲೇ 32 ಸಿಕ್ಕವು. ಅದು ಹಸಿರು ಪಾಚಿ ಅಲ್ಲ, ಆದರೂ ವಾದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ? ಒಂದು ಸಣ್ಣ ಕೊಳದಲ್ಲಿ ಹೆಚ್ಚುಕಮ್ಮಿ ಇಡೀ ಭೂಮಿ ಇದೆ ಅಂದಹಾಗಾಯ್ತು.

ಓದಿ ನನಗೆ ನಿರಾಳ ಆಯ್ತು ಅಂತ ಒಪ್ಪಿಕೊಳ್ತೀನಿ. ಯಾಕಂದ್ರೆ ಈ ಸಿದ್ಧಾಂತ ನಿಜವಾದ್ರೆ ಅದರೊಳಗೆ ಒಂದು ಪರವಾನಗಿಯೂ ಇದೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಪ್ರತಿ ಕೊಳವೂ ಇನ್ನೊಂದರ ಬ್ಯಾಕಪ್. ಒಂದನ್ನ ಅಳಿಸಿದರೆ ಏನೂ ಕಳೆದಿಲ್ಲ.

ನಿರಾಳ ಬಹಳ ದಿನ ಉಳಿಯಲಿಲ್ಲ. ಆ 41 ಬಗೆಗಳನ್ನ ಗುರುತಿಸಿದ್ದು ಹೇಗೆ ಅಂದರೆ, ಅವುಗಳ ಮೈಮೇಲಿನ ಚಿಪ್ಪಿನ ಆಕಾರ ನೋಡಿ. ಅಂದ್ರೆ ಮುಖ ನೋಡಿ. ಫೈಲಿನ ಹೆಸರು ನೋಡಿ ಎರಡೂ ಒಂದೇ ಅಂತ ಹೇಳೋದಕ್ಕೂ ಒಳಗೆ ಸಾಲು ಸಾಲು ಹೋಲಿಸಿ ಒಂದೇ ಅಂತ ಹೇಳೋದಕ್ಕೂ ಇರೋ ವ್ಯತ್ಯಾಸ ನಮ್ಮ ಕಸುಬಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಸಿರು ಪಾಚಿಗಳಲ್ಲಂತೂ ಮುಖ ಮಹಾ ಮೋಸ. ಕ್ಲೋರೆಲ್ಲಾ ಅಂತ ಮಾತ್ರೆ ಮಾಡಿ ಮಾರ್ತಾರಲ್ಲ, ಅದನ್ನ ಮೊದಲು ಬೇರ್ಪಡಿಸಿ ಬೆಳೆಸಿ 1890ರಲ್ಲಿ ಹೆಸರಿಟ್ಟವನು ಬೈಯರಿಂಕ್, ಬಾಸ್ ಬೆಕಿಂಗ್‌ಗಿಂತ ಹಿಂದಿನ ತಲೆಮಾರಿನ ಡಚ್ಚವನು. ನೋಡೋಕೆ ಒಂದು ಹಸಿರು ಗುಂಡು, ಅಷ್ಟೇ. ಮುಂದೆ ನೂರು ವರ್ಷ, ಎಲ್ಲೆಲ್ಲಿ ಹಸಿರು ಗುಂಡು ಕಂಡಿತೋ ಅಲ್ಲೆಲ್ಲ ಕ್ಲೋರೆಲ್ಲಾ ಅಂತ ಬರೆದುಕೊಂಡರು. ನೂರಕ್ಕೂ ಹೆಚ್ಚು ಪ್ರಭೇದಗಳು ಆ ಹೆಸರಿನ ಕೆಳಗೆ ಸೇರಿದವು. ಡಿಎನ್‌ಎ ಓದೋಕೆ ಶುರುವಾದ ಮೇಲೆ, 1999ರ ಹೊತ್ತಿಗೆ, ನಿಜವಾಗಿ ಆ ಮನೆತನಕ್ಕೆ ಸೇರಿದವು ಬೆರಳೆಣಿಕೆಯಷ್ಟೇ ಅಂತ ತೀರ್ಮಾನಕ್ಕೆ ಬಂದರು. ಮಿಕ್ಕವು ಬೇರೆ ಬೇರೆ ದೂರದ ಕುಲಗಳಿಂದ ಬಂದು ಒಂದೇ ಮುಖ ಹೊತ್ತವು.

ಹಾಗಾದ್ರೆ ಒಳಗೆ ಓದಿದರೆ ಏನು ಕಾಣುತ್ತೆ? ಇಲ್ಲಿಗೆ ಬಂದಾಗ ನನಗೆ ಸಿಕ್ಕಿದ್ದು ಕ್ಲಾಮಿಡೊಮೊನಾಸ್ ರೈನ್‌ಹಾರ್ಡ್ಟೈ. ಹೆಸರು ಉದ್ದ, ಜೀವ ಒಂದೇ ಕೋಶದ್ದು. ಸಿಹಿನೀರಲ್ಲಿ, ಒದ್ದೆ ಮಣ್ಣಲ್ಲಿ ಇರೋ ಹಸಿರು ಪಾಚಿ. ಮುಂದೆ ಎರಡು ಚಾವಟಿಯಂಥ ಎಳೆ, ಅದರಿಂದ ಈಜುತ್ತದೆ. ಪಕ್ಕದಲ್ಲಿ ಒಂದು ಕೆಂಪು ಚುಕ್ಕೆ, ಅದರಿಂದ ಬೆಳಕಿನ ದಿಕ್ಕು ತಿಳಿಯುತ್ತದೆ. ಸಾರಜನಕ ಸಿಗೋವರೆಗೂ ಒಂದು ಎರಡಾಗಿ, ಎರಡು ನಾಲ್ಕಾಗಿ, ತನ್ನದೇ ನಕಲು ಮಾಡಿಕೊಂಡು ಹೋಗುತ್ತದೆ. ಸಾರಜನಕ ಮುಗೀತು ಅನ್ನುವಾಗ ಕೂಡುವ ಮನಸ್ಸು ಮಾಡುತ್ತದೆ. ಎರಡು ಕೋಶ ಸೇರಿ ದಪ್ಪ ಗೋಡೆಯ ಒಂದು ಬೀಜಕ ಆಗುತ್ತದೆ. ನೀರು ಬತ್ತಿ ನೆಲ ಬಿರಿದರೂ ಅದು ಕೆಸರಲ್ಲಿ ಕಾದು ಕೂತಿರುತ್ತದೆ. ಒಳ್ಳೆ ಕಾಲ ಬಂದಾಗ ಒಡೆದು, ಅಪ್ಪ ಅಮ್ಮನ ಗುಣಗಳನ್ನ ಹೊಸದಾಗಿ ಕಲಸಿದ ನಾಲ್ಕು ಕೋಶ ಹೊರಗೆ ಬರುತ್ತವೆ. ಏಪ್ರಿಲ್‌ನಲ್ಲಿ ಬಿರುಕು ಬಿಟ್ಟ ಕಟ್ಟೆ ಮುಂಗಾರಿನ ಕೆಲವೇ ದಿನಕ್ಕೆ ಹಸಿರಾಗೋದನ್ನ ಚಿಕ್ಕವನಿದ್ದಾಗ ಎಷ್ಟು ಸಲ ನೋಡಿದ್ದೆ. ಎಲ್ಲಿಂದ ಬಂತು ಅಂತ ಒಂದು ದಿನವೂ ಕೇಳಿರಲಿಲ್ಲ.

ಈ ಕ್ಲಾಮಿಡೊಮೊನಾಸ್ ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಸಾಕಿಕೊಂಡಿರೋ ಜೀವಿ. ಎಲೆ ಬೆಳಕನ್ನ ಹೇಗೆ ಅನ್ನ ಮಾಡುತ್ತೆ ಅನ್ನೋದರಿಂದ ಹಿಡಿದು, ನಮ್ಮ ಶ್ವಾಸಕೋಶದ ಕೂದಲೆಳೆಗಳ ಕಾಯಿಲೆವರೆಗೆ ಎಷ್ಟೋ ವಿಷಯ ಇದರಿಂದ ಗೊತ್ತಾಗಿದೆ. ಆದರೆ ಆ ಲ್ಯಾಬ್ ತಳಿಗಳಲ್ಲಿ ಬಹುಪಾಲಿನ ಮೂಲ ಎಲ್ಲಿದೆ ನೋಡಿ. 1945ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಆಮ್ಹರ್ಸ್ಟ್ ಹತ್ತಿರ ಒಂದು ಆಲೂಗಡ್ಡೆ ಹೊಲದ ಮಣ್ಣು. ಅದರಿಂದ ಗಿಲ್ಬರ್ಟ್ ಸ್ಮಿತ್ ಎಂಬ ಸಸ್ಯಶಾಸ್ತ್ರಜ್ಞ ಬೇರ್ಪಡಿಸಿದ ಒಂದೇ ಒಂದು ಬೀಜಕ. ಒಂದು ಹೊಲ, ಒಂದು ಕಾಳು. ಅದರ ಮಕ್ಕಳು ಮೊಮ್ಮಕ್ಕಳೇ ಲ್ಯಾಬಿನಿಂದ ಲ್ಯಾಬಿಗೆ ಹಂಚಿಹೋದದ್ದು.

ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಹಿಸುಕಿದರೆ ಸಾಕು ಅಂತಾರೆ. ಸಂಸ್ಕೃತ ಪಂಡಿತರು ಇದಕ್ಕೆ ಸ್ಥಾಲೀಪುಲಾಕ ನ್ಯಾಯ ಅಂತ ಹೆಸರಿಟ್ಟಿದ್ದಾರೆ. ನ್ಯಾಯ ಸರಿ. ಆದರೆ ಒಂದೇ ಪಾತ್ರೆ, ಒಂದೇ ಅಕ್ಕಿ, ಒಂದೇ ಉರಿ ಅನ್ನೋದನ್ನ ಅದು ಮೊದಲೇ ಒಪ್ಪಿಕೊಂಡಿದೆ. 2015ರಲ್ಲಿ 39 ಲ್ಯಾಬ್ ತಳಿಗಳ ಜೀನೋಮ್ ಓದಿ ಹೋಲಿಸಿದರು. ಅವುಗಳ ನಡುವಿನ ವ್ಯತ್ಯಾಸವೆಲ್ಲ ಜೀನೋಮಿನ ಕಾಲು ಭಾಗದಲ್ಲೇ ಇತ್ತು, ಅಲ್ಲೂ ಇದ್ದದ್ದು ಎರಡೇ ಪಾಠಾಂತರ. ಆ ಒಂದು ಬೀಜಕದ ಅಪ್ಪನದು, ಅಮ್ಮನದು ಅಂದುಕೊಳ್ಳಿ. ಎಲ್ಲಾ ತಳಿಗಳೂ ಈ ಎರಡರ ಬೇರೆ ಬೇರೆ ಕಲಸುಮೇಲೋಗರ. ಅದೇ ಹೊತ್ತಿಗೆ ಬೇರೆಯವರು ಹೊಲ ಗದ್ದೆಯಿಂದ ತಂದ ಕಾಡು ತಳಿಗಳನ್ನ ಓದಿದರು. ಅಲ್ಲಿ ಯಾವುದೇ ಎರಡು ಕೋಶ ತೆಗೆದುಕೊಂಡರೆ ನೂರು ಅಕ್ಷರಕ್ಕೆ ಸುಮಾರು ಮೂರು ಅಕ್ಷರ ಬೇರೆ. ಮೂರು ಅಂದ್ರೆ ಏನು ಮಹಾ ಅಂತ ನನಗೂ ಅನ್ನಿಸಿತ್ತು. ಯಾವುದೇ ಇಬ್ಬರು ಮನುಷ್ಯರ ನಡುವೆ ಸಾವಿರಕ್ಕೆ ಒಂದು ಅಕ್ಷರ ಬೇರೆ, ನಮಗೂ ಚಿಂಪಾಂಜಿಗೂ ನೂರಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚು. ಒಂದೇ ಹೊಲದ ಪಕ್ಕಪಕ್ಕದ ಎರಡು ಪಾಚಿ ಕೋಶ, ಹೆಸರು ಒಂದೇ, ಮುಖ ಒಂದೇ, ಕೂಡಿ ಮಕ್ಕಳನ್ನೂ ಪಡೀತವೆ. ಆದರೂ ಈ ಲೆಕ್ಕದಲ್ಲಿ ನನಗೂ ಚಿಂಪಾಂಜಿಗೂ ಇರೋದಕ್ಕಿಂತ ದೂರ. 'ಬರೀ ಪಾಚಿ' ಅಂದಿದ್ದೆನಲ್ಲ, ಆ 'ಬರೀ' ನೆನಪಾಗಿ ನಾಚಿಕೆ ಆಯ್ತು.

ಇನ್ನೊಂದು ವಿಷಯ ನನ್ನ ಬ್ಯಾಕಪ್ ವಾದಕ್ಕೆ ನೇರ ಪೆಟ್ಟು ಕೊಟ್ಟಿತು. ಲ್ಯಾಬಿನಲ್ಲಿ ಹೆಚ್ಚು ಬಳಕೆಯಲ್ಲಿರೋ ಒಂದು ಮನೆತನದ ತಳಿಗಳಿಗೆ ನೈಟ್ರೇಟ್ ತಿಂದು ಬದುಕೋಕೆ ಬರೋದಿಲ್ಲ. ಅದಕ್ಕೆ ಬೇಕಾದ ಎರಡು ಜೀನ್ ಕೆಟ್ಟಿವೆ. ಅಮೋನಿಯಂ ಇರೋ ಊಟ ಹಾಕಿ ಸಾಕೋದರಿಂದ ಅವುಗಳ ಬದುಕು ಆರಾಮಾಗಿ ನಡೆದಿದೆ. ಅದೇ ಮನೆತನದಲ್ಲಿ, 'ಕಾಡುತಳಿ' ಅಂತ ಹಣೆಪಟ್ಟಿ ಹೊತ್ತ ಎರಡು ತಳಿಗಳಿವೆ: ಬೆಳಕು ಬಿಟ್ಟರೆ ಒಂದು ಅದರ ಕಡೆಗೆ ಈಜುತ್ತೆ, ಇನ್ನೊಂದು ಓಡಿಹೋಗುತ್ತೆ. ಓಡಿಹೋಗೋದಕ್ಕೆ ಕಾರಣ ಒಂದು ಜೀನಿನ ತಪ್ಪು ಅಂತ ಪತ್ತೆಯಾಗಿದ್ದು 2016ರಲ್ಲಿ. ಬ್ಯಾಕಪ್ ಇದೆ ಅಂತ ನಂಬಿ ಡೇಟಾಬೇಸ್ ಅಳಿಸಿದ ಮೇಲೆ, ಬ್ಯಾಕಪ್ ತೆರೆದರೆ ಅರ್ಧ ಟೇಬಲ್ ಖಾಲಿ ಇದ್ದ ಅನುಭವ ನನಗಿದೆ. ಆ ರಾತ್ರಿಯ ಹೊಟ್ಟೆ ಸಂಕಟ ಇನ್ನೂ ನೆನಪಿದೆ. ಇಟ್ಟದ್ದು ಇಟ್ಟ ಹಾಗೆ ಇರೋದಿಲ್ಲ. ಜೀವಂತವಾಗಿದ್ದರಂತೂ ಇರೋದೇ ಇಲ್ಲ.

ಇಷ್ಟು ಓದಿದವನಿಗೆ ಮುಂದಿನ ಹೆಜ್ಜೆ ಸಲೀಸು. ಪ್ರತಿ ಕಟ್ಟೆಯಲ್ಲೂ ಅದರದ್ದೇ ವಂಶ ಇದೆ, ನಾನು ಮುಚ್ಚಿಸಿದ್ದು ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲದ್ದನ್ನ, ಆದ್ದರಿಂದ ತಪ್ಪು. ಒಳ್ಳೆ ಲೇಖನ ಆಗ್ತಿತ್ತು. ಹಾಗೇ ಬರೆಯೋಕೂ ಕೂತಿದ್ದೆ.

2019ರ ಒಂದು ಅಧ್ಯಯನ ಅಡ್ಡ ಬಂತು. ಈ ಪ್ರಭೇದವೇ ಅಂತ ಖಚಿತವಾಗಿದ್ದ ಅಷ್ಟೂ ಕಾಡು ತಳಿಗಳ ಜೀನೋಮ್ ಒಟ್ಟಿಗೆ ಇಟ್ಟು ನೋಡಿದ ಕೆಲಸ ಅದು. ಅಷ್ಟೂ ಅಂದ್ರೆ ಎಷ್ಟು? 36. ಇಷ್ಟು ಹೆಸರುವಾಸಿ ಜೀವಿಯ ಕಾಡು ಸಂತತಿ ಅಂತ ನಮ್ಮ ಕೈಲಿದ್ದದ್ದು ಉತ್ತರ ಅಮೆರಿಕ ಮತ್ತು ಜಪಾನಿನ 36 ತಳಿ. ಅದಿರಲಿ. ದೊಡ್ಡ ನಕ್ಷೆಯಲ್ಲಿ ನೋಡಿದಾಗ ಬಾಸ್ ಬೆಕಿಂಗ್ ಸೋತ: ಜಪಾನಿನವು ಬೇರೆ, ಅಮೆರಿಕದವು ಬೇರೆ, ಅಮೆರಿಕದೊಳಗೇ ಎರಡು ಕವಲು. ಆದರೆ ಚಿಕ್ಕ ನಕ್ಷೆಯಲ್ಲಿ ಅವನೇ ಗೆದ್ದ. ಕೆನಡಾದ ಕ್ವಿಬೆಕ್‌ನಲ್ಲಿ ಹತ್ತಾರು ಕಿಲೋಮೀಟರ್ ದೂರದ ಎರಡು ಜಾಗಗಳಿಂದ, ಬೇರೆ ಬೇರೆ ವರ್ಷಗಳಲ್ಲಿ ತಂದ ತಳಿಗಳ ನಡುವೆ ಜಾಗದ ಗೆರೆಯೂ ಕಾಣಲಿಲ್ಲ, ಕಾಲದ ಗೆರೆಯೂ ಕಾಣಲಿಲ್ಲ. ವೈವಿಧ್ಯ ಬೇಕಾದಷ್ಟಿದೆ, ಆದರೆ ಅದು ಈ ಹೊಲದ್ದು, ಆ ಹೊಲದ್ದು ಅಂತ ಪಾಲಾಗಿಲ್ಲ. ಎಲ್ಲಾ ಬೆರೆತುಹೋಗಿದೆ.

ಇದನ್ನ ನಮ್ಮೂರಿಗೆ ತಂದು ಯೋಚಿಸಿದರೆ, ಕಟ್ಟೆಯ ಪಾಚಿ ಮೂರು ಕಿಲೋಮೀಟರ್ ಆಚೆಯ ಕೆರೆಯಲ್ಲೂ ಇದ್ದಿರಬಹುದು. ಅಂದ್ರೆ ಎಲ್ಲಾ ಕಡೆ ಇರುತ್ತೆ ಅಂದದ್ದು ಅಷ್ಟರಮಟ್ಟಿಗೆ ಸರಿಯೇ ಇರಬಹುದು. ಹಾಗಿದ್ದ ಮೇಲೆ ತಪ್ಪೆಲ್ಲಿ?

ಇಲ್ಲಿ ನಾನು ಬಹಳ ದಿನ ಸಿಕ್ಕಿಹಾಕಿಕೊಂಡೆ. ಇನ್ನೊಂದಿಲ್ಲದ್ದಕ್ಕೆ ಮಾತ್ರ ಬೆಲೆ ಅನ್ನೋದಾದ್ರೆ ನನ್ನಂಥವರ ಗತಿ ಏನು? ಆಫೀಸಿನಲ್ಲಿ ನಮಗೆ ರಿಸೋರ್ಸ್ ಅಂತಾರೆ. ಒಬ್ಬ ಬಿಟ್ಟರೆ ಎರಡು ವಾರದಲ್ಲಿ ಅವನ ಜಾಗಕ್ಕೆ ಇನ್ನೊಬ್ಬ. ನಿನ್ನಂಥವರು ಎಲ್ಲಾ ಕಡೆ ಇದ್ದಾರೆ ಅನ್ನೋದು ನನ್ನ ವಿಷಯದಲ್ಲಿ ಪೂರ್ತಿ ನಿಜ. ಅದನ್ನೇ ಕಾರಣ ಮಾಡಿಕೊಂಡು ಯಾರಾದರೂ ಏನಾದರೂ ಮಾಡಿದರೆ ನಾನು ಒಪ್ಪೋದಿಲ್ಲ. ಹಾಗಂತ ಪ್ರತಿ ಕೋಶದ ಜೀವಕ್ಕೂ ಲೆಕ್ಕ ಕೊಡ್ತೀನಿ ಅಂತ ಹೊರಟರೆ ಅದೂ ನಾಟಕ. ಒಂದು ಚಮಚ ಹಸಿರು ನೀರಲ್ಲಿ ಲಕ್ಷಗಟ್ಟಲೆ ಇರುತ್ತವೆ. ದೊಡ್ಡಪ್ಪನೇ ಮನೆಯ ನೀರಿನ ತೊಟ್ಟಿಗೆ ಪಾಚಿ ಕಟ್ಟಿದರೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜುತ್ತಾರೆ, ಆಮೇಲೆ ನೆಮ್ಮದಿಯಾಗಿ ಊಟ ಮಾಡ್ತಾರೆ. ಅವರು ಕೇಳಿದ್ದು ಕೋಶ ಕೋಶದ ಪ್ರಾಣದ ಬಗ್ಗೆ ಅಲ್ಲ ಅಂತ ನನಗೀಗ ಅನ್ನಿಸುತ್ತೆ.

ಕ್ವಿಬೆಕ್‌ನ ಆ ಫಲಿತಾಂಶವನ್ನೇ ಇನ್ನೊಂದು ದಿಕ್ಕಿನಿಂದ ನೋಡಿದಾಗ ನನಗೆ ಸ್ವಲ್ಪ ಹಾದಿ ಸಿಕ್ಕಿತು. ಎರಡು ದೂರದ ಜಾಗಗಳ ಪಾಚಿ ಒಂದೇ ಸಂತತಿಯ ಹಾಗೆ ಬೆರೆತಿದೆ ಅಂದ್ರೆ ಅದು ತಾನಾಗಿ ಆದದ್ದಲ್ಲ. ಹಕ್ಕಿ, ಗಾಳಿ, ನೆರೆ ನೀರು, ಕಾಲಿಗಂಟಿದ ಕೆಸರು ಅದನ್ನ ಹೊತ್ತು ಓಡಾಡಬೇಕು. ಹೊತ್ತದ್ದು ಇಳಿಯೋಕೆ ನಡುನಡುವೆ ಒದ್ದೆ ಜಾಗಗಳು ಇರಬೇಕು. ಇದು ಆ ಪೇಪರಿನಲ್ಲಿಲ್ಲ, ನನ್ನ ಲೆಕ್ಕ. ಕಟ್ಟೆಗಳು ಇದ್ದದ್ದರಿಂದ 'ಎಲ್ಲಾ ಕಡೆ' ಆಯಿತು. ನಾನು ಆ 'ಎಲ್ಲಾ ಕಡೆ'ಯನ್ನೇ ಕಾರಣ ಕೊಟ್ಟು ಒಂದು ಕಟ್ಟೆ ಮುಚ್ಚಿಸಿದೆ. ಪಕ್ಕದೂರಿನಲ್ಲಿ ಇನ್ನೊಬ್ಬ ಬಿಇ ಓದಿದವನು ಅದೇ ಮಾತು ಹೇಳಿ ಇನ್ನೊಂದು ಮುಚ್ಚಿಸಿರ್ತಾನೆ. ಪ್ರತಿ ಸಲ ಆ ಮಾತು ಹೇಳಿದಾಗಲೂ ಅದು ಸ್ವಲ್ಪ ಸ್ವಲ್ಪವೇ ಸುಳ್ಳಾಗುತ್ತಾ ಬರುತ್ತೆ, ಹೇಳಿದವನಿಗೆ ಮಾತ್ರ ಗೊತ್ತಾಗೋದಿಲ್ಲ. ಸಂತೆಯಲ್ಲಿ ಹೇಗೂ ಜನ ಇರ್ತಾರೆ ಬಿಡು ಅಂತ ಒಬ್ಬೊಬ್ಬರೂ ಮನೆಯಲ್ಲಿ ಉಳಿದರೆ ಏನಾಗುತ್ತೆ, ಅದೇ ಕಥೆ.

ಕೆಸರಿನದ್ದೂ ಒಂದು ಮಾತಿದೆ. ಡಾರ್ವಿನ್ ಒಂದು ಸಣ್ಣ ಕೊಳದ ಅಂಚಿನಿಂದ ಮೂರು ದೊಡ್ಡ ಚಮಚ ಕೆಸರು ತಂದು, ಬಟ್ಟಲಲ್ಲಿ ಹಾಕಿ ಮನೆಯೊಳಗೆ ಮುಚ್ಚಿಟ್ಟು, ಆರು ತಿಂಗಳು ಮೊಳೆತದ್ದನ್ನೆಲ್ಲ ಕಿತ್ತು ಕಿತ್ತು ಎಣಿಸಿದ. 537 ಸಸಿ. ಅದು ಕಣ್ಣಿಗೆ ಕಾಣೋ ಗಿಡಗಳ ಲೆಕ್ಕ. ನಮ್ಮ ಕಟ್ಟೆಯ ತಳದಲ್ಲಿ ಬರಗಾಲಗಳನ್ನ ದಾಟಿ ಕೂತಿದ್ದ ಬೀಜಕಗಳ ಲೆಕ್ಕ ಯಾರೂ ಮಾಡಲಿಲ್ಲ. ನೀರಿನ ಮೇಲಿನ ಹಸಿರು ಆ ವರ್ಷದ್ದು, ಕೆಸರಿನೊಳಗಿನದು ಹಿಂದಿನ ಎಷ್ಟೋ ವರ್ಷಗಳದ್ದು. ನಾನು ನೋಡಿದ್ದು ಮೇಲಿನ ಪದರ ಒಂದನ್ನೇ.

ನೋಡಿದ್ದು ಅಂತಲೂ ಹೇಳೋ ಹಾಗಿಲ್ಲ. ಈಗ ನನಗೆ ಹೆಚ್ಚು ಚುಚ್ಚೋದು ಅದೇ. ಆಮ್ಹರ್ಸ್ಟ್‌ನ ಸ್ಮಿತ್ ಒಂದೇ ಕಾಳು ಆರಿಸಿದ್ದಿರಬಹುದು, ಆದರೆ ಅವನು ಬಗ್ಗಿ ಮಣ್ಣು ತಗೊಂಡ. ನಮ್ಮ ಕಡೆಯೂ ಅಂಥವರಿದ್ದರು. ಮದರಾಸಿನಲ್ಲಿ ಎಂ.ಒ.ಪಿ. ಅಯ್ಯಂಗಾರ್ ಅಂತ ಪಾಚಿಶಾಸ್ತ್ರಜ್ಞರು ದಕ್ಷಿಣ ಭಾರತದ ಕುಂಟೆ, ಕೊಳ, ಒದ್ದೆ ನೆಲವನ್ನೆಲ್ಲ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದರು. 1932ರಲ್ಲಿ ಒದ್ದೆ ಮಣ್ಣಲ್ಲಿ ಬೆಳೆಯೋ ಒಂದು ಹಸಿರು ಪಾಚಿ ಅದುವರೆಗೆ ಗೊತ್ತಿದ್ದ ಯಾವ ಕುಲಕ್ಕೂ ಸೇರಲಿಲ್ಲ. ಹೊಸ ಕುಲವನ್ನೇ ಮಾಡಿ, ಇಂಗ್ಲೆಂಡಿನ ಪಾಚಿಶಾಸ್ತ್ರಜ್ಞ ಫ್ರಿಟ್ಷ್ ಅವರ ಗೌರವಕ್ಕೆ ಫ್ರಿಟ್ಷಿಯೆಲ್ಲಾ ಅಂತ ಕರೆದರು. ಪಾಚಿಗಳು ನೀರು ಬಿಟ್ಟು ನೆಲಕ್ಕೆ ಹೇಗೆ ಹೊಂದಿಕೊಂಡವು ಅನ್ನೋ ಚರ್ಚೆ ಬಂದಾಗೆಲ್ಲ ಪಠ್ಯಪುಸ್ತಕಗಳಲ್ಲಿ ಅದರ ಹೆಸರು ಬರುತ್ತೆ. ಅದನ್ನೂ ಯಾರೋ ಒಬ್ಬ 'ಬರೀ ಪಾಚಿ' ಅಂತ ತುಳಿದುಕೊಂಡು ಹೋಗಿರ್ತಾನೆ.

ನಾನು ಒಂದು ಲೋಟ ನೀರು ಎತ್ತಿ ಬೆಳಕಿಗೆ ಹಿಡಿದೂ ನೋಡಲಿಲ್ಲ. ಆಫೀಸಿನಲ್ಲಿ ಹತ್ತು ವರ್ಷ ಹಳೆಯ ಕೋಡಿನ ಒಂದು ಸಾಲು ತೆಗೆಯೋಕೆ, ಅದನ್ನ ಯಾರು ಎಲ್ಲಿ ಬಳಸ್ತಿದ್ದಾರೆ ಅಂತ ಮೂರು ದಿನ ಹುಡುಕ್ತೀನಿ, ಇಬ್ಬರ ಹತ್ತಿರ ಒಪ್ಪಿಗೆ ತಗೊಳ್ತೀನಿ. ನನ್ನ ತಾತನಿಗಿಂತ ಹಳೆಯ ಕಟ್ಟೆಗೆ ಒಂದು ವಾಕ್ಯ ಸಾಕು ಅನ್ನಿಸಿಬಿಟ್ಟಿತ್ತು. ದೊಡ್ಡಪ್ಪ ಕೇಳಿದ ಪ್ರಶ್ನೆಗೆ "ಗೊತ್ತಿಲ್ಲ ದೊಡ್ಡಪ್ಪ, ಆದರೂ ಭವನ ಬೇಕು" ಅಂದಿದ್ದರೆ ಅದೊಂದು ಉತ್ತರ. ಬಹುಶಃ ಕಟ್ಟೆ ಆಗಲೂ ಮುಚ್ಚುತ್ತಿತ್ತು. ಮದುವೆಗೆ ತಾಲ್ಲೂಕಿಗೆ ಹೋಗಿ ಛತ್ರ ಹಿಡಿಯೋಕೆ ಸಾಲ ಮಾಡ್ತಿದ್ದ ಮನೆಗಳಿಗೆ ಆ ಭವನ ನಿಜವಾಗಿಯೂ ಬೇಕಿತ್ತು, ಅದನ್ನ ನಾನು ಈಗಲೂ ಅಲ್ಲಗಳೆಯೋದಿಲ್ಲ. ಆದರೆ ಕಳಕೊಳ್ತಾ ಇದ್ದೀವಿ ಅಂತ ಗೊತ್ತಿದ್ದು ಕಳಕೊಳ್ಳೋದು ಬೇರೆ. ನಾನು ಅವರಿಗೆ ಏನೂ ಕಳೆಯೋದೇ ಇಲ್ಲ ಅಂತ ಭರವಸೆ ಕೊಟ್ಟಿದ್ದೆ. ಓದಿದ ಹುಡುಗ ಹೇಳ್ತಾನೆ ಅಂತ ಅವರು ನಂಬಿದರು.

ಹೋದ ಮಾಘದಲ್ಲಿ ಅದೇ ಭವನದಲ್ಲಿ ದೊಡ್ಡಪ್ಪನ ಮೊಮ್ಮಗಳ ಮದುವೆ ಆಯ್ತು. ನಾನೂ ಪಂಚೆ ಕಟ್ಟಿಕೊಂಡು ಸಾರಿನ ಬಕೆಟ್ ಹಿಡಿದು ಎರಡು ಪಂಕ್ತಿ ಬಡಿಸಿದೆ. ಹಿಂದುಗಡೆ ಕೈ ತೊಳೆಯೋ ಜಾಗದಲ್ಲಿ ನಲ್ಲಿ ಸೋರಿ ಸೋರಿ ಸಿಮೆಂಟಿನ ಚರಂಡಿ ಉದ್ದಕ್ಕೂ ಹಸಿರು ಕಟ್ಟಿತ್ತು. ದೊಡ್ಡಪ್ಪ ಕೈ ತೊಳೆಯೋಕೆ ಬಂದವರು ಅದನ್ನ ಕಂಡು, ಕೋಲಿನ ತುದಿಯಲ್ಲಿ ತೋರಿಸಿ ನಕ್ಕರು. "ನೋಡಪ್ಪ, ನೀನು ಅವತ್ತು ಹೇಳಿದ್ದು ಸರಿನೇ. ಎಲ್ಲಾ ಕಡೆ ಇರುತ್ತೆ."

"ಅದಲ್ಲ ದೊಡ್ಡಪ್ಪ, ಇದು ಅದೇನಾ ಅಂತ..." ಅಂತ ನಾನು ಶುರು ಮಾಡಿದೆ. ಅಷ್ಟರಲ್ಲಿ ಒಳಗಿನಿಂದ ಯಾರೋ ಮೂರನೇ ಪಂಕ್ತಿಗೆ ಅನ್ನ ತರೋರು ಯಾರ್ರೋ ಅಂತ ಕೂಗಿದರು. ದೊಡ್ಡಪ್ಪ ಹೆಗಲ ಮೇಲಿನ ಟವಲ್ಲಿಗೆ ಕೈ ಒರೆಸಿಕೊಂಡು, "ಹೋಗು, ಹೋಗು, ಜನ ಕೂತವ್ರೆ" ಅಂದರು.